ಕಿವಿ ಅಲ್ಲಾಡಿಸುವವನಿಗೆ ಚಪ್ಪಾಳೆ

ಕಳೆದ ಬೇಸಿಗೆಯಲ್ಲಿ ಗದಗಿನಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆ ಇತ್ತು. ಹಿಂದಿನ ದಿನ ಸಂಜೆ ಅರಿಸಿನದ ಶಾಸ್ತ್ರ ಮುಗಿದು, ಊಟದ ಪಂಕ್ತಿ ಕೂರುವುದಕ್ಕೆ ಇನ್ನೂ ಗಂಟೆಯಷ್ಟು ಸಮಯವಿದ್ದಾಗ, ಮಂಗಲ ಕಾರ್ಯಾಲಯದ ಒಂದು ಮೂಲೆಯಲ್ಲಿ ಹತ್ತು ಹನ್ನೆರಡು ಹುಡುಗರು ನನ್ನನ್ನು ಮುತ್ತಿಕೊಂಡು, "ಕಾಕಾ, ಇನ್ನೊಮ್ಮೆ, ಇನ್ನೊಮ್ಮೆ" ಎಂದು ದುಂಬಾಲು ಬಿದ್ದಿದ್ದರು. ನಾನು ಮಾಡುತ್ತಿದ್ದುದು ಇಷ್ಟೇ: ಮುಖದ ಬೇರಾವ ಭಾಗವನ್ನೂ ಅಲುಗಿಸದೆ ಎರಡೂ ಕಿವಿಗಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವುದು. ನಮ್ಮ ಮನೆತನದ ಮದುವೆ, ಮುಂಜಿವೆ, ಸೀಮಂತಗಳಲ್ಲಿ ನಾನು ಕಿವಿ ಅಲ್ಲಾಡಿಸುವ ಕಾಕಾ ಎಂದೇ ಪ್ರಸಿದ್ಧ. ನೌಕರಿ, ಓದು, ಕಟ್ಟಿದ ಮನೆ, ಇವು ಯಾವುವೂ ನನಗೆ ಇಷ್ಟು ಹೆಸರು ತಂದುಕೊಟ್ಟಿಲ್ಲ.

ಈ ಶಕ್ತಿ ನನ್ನಲ್ಲಿರುವುದು ನನಗೆ ತಿಳಿದದ್ದು ಆರನೆಯ ಇಯತ್ತೆಯಲ್ಲಿ, ಕಟಿಂಗ್ ಅಂಗಡಿಯ ಕುರ್ಚಿಯ ಮೇಲೆ. ಕಿವಿಯ ಹಿಂದೆ ಕತ್ತರಿ ಆಡಿಸುತ್ತಿದ್ದವರು ಎರಡು ಸಲ ಕೈ ತಡೆದು, "ಕಿವಿ ಅಳ್ಳಾಡಸಬ್ಯಾಡೋ ತಮ್ಮಾ, ಕತ್ತರಿ ತಾಗೀತು" ಎಂದು ಗದರಿದಾಗ ನಾನು ಕನ್ನಡಿಯಲ್ಲಿ ನೋಡಿಕೊಂಡೆ. ಅಲ್ಲಿಯವರೆಗೆ ಎಲ್ಲರ ಕಿವಿಯೂ ಹೀಗೆಯೇ ಆಡುತ್ತದೆ ಎಂದುಕೊಂಡಿದ್ದೆ. ಹೊರಗಿವಿಗೆ ಅಂಟಿಕೊಂಡು ಮುಂದೆ, ಮೇಲೆ, ಹಿಂದೆ ಹೀಗೆ ಮೂರು ಸ್ನಾಯುಗಳು ಎಲ್ಲರಿಗೂ ಇವೆ. ಬೆಕ್ಕು, ಕುದುರೆಗಳು ಸದ್ದು ಬಂದ ದಿಕ್ಕಿಗೆ ಕಿವಿ ತಿರುಗಿಸುವುದು ಇವುಗಳಿಂದಲೇ. ಮನುಷ್ಯನಲ್ಲಿ ಮಾತ್ರ ಇವು ಹೆಚ್ಚುಕಡಿಮೆ ನಿವೃತ್ತಿ ಹೊಂದಿವೆ. ಪೂರ್ವಜರಿಂದ ಉಳಿದುಬಂದ ಅವಶೇಷಗಳಿಗೆ ಉದಾಹರಣೆಯಾಗಿ ಡಾರ್ವಿನ್ 1871ರಲ್ಲಿಯೇ ಈ ಸ್ನಾಯುಗಳನ್ನು ಹೆಸರಿಸಿದ್ದ. ಗದ್ದಲದಲ್ಲಿ ಒಂದು ದನಿಯನ್ನು ಕಷ್ಟಪಟ್ಟು ಆಲಿಸುವಾಗ ಎಲ್ಲರಲ್ಲಿಯೂ ಈ ಸ್ನಾಯುಗಳು ಕಣ್ಣಿಗೆ ಕಾಣದಷ್ಟು ಮಿಡಿಯುತ್ತವೆ ಎಂಬುದನ್ನು ಜರ್ಮನಿಯ ಸಂಶೋಧಕರು ಈಚಿನ ವರ್ಷಗಳಲ್ಲಿ ವಿದ್ಯುತ್ ಸಂಕೇತಗಳನ್ನು ಅಳೆದು ತೋರಿಸಿದ್ದಾರೆ. ಅಂದರೆ ನನ್ನಲ್ಲಿರುವುದು ಹೆಚ್ಚಿನದೇನೂ ಅಲ್ಲ. ಎಲ್ಲರಲ್ಲಿಯೂ ಮಲಗಿರುವ ಸ್ನಾಯು ನನ್ನಲ್ಲಿ ಕರೆದರೆ ಎದ್ದು ಬರುತ್ತದೆ, ಅಷ್ಟೇ.

ಹುಡುಗರ ಗುಂಪಿನಲ್ಲಿದ್ದ ಇಬ್ಬರು ನಾಲಿಗೆಯನ್ನು ಕೊಳವೆಯಂತೆ ಮಡಚಿ ತೋರಿಸಿದರು, ಅದು ರಕ್ತಗತವಾಗಿ ಬರುತ್ತದೆ ಎಂದು ತಮ್ಮ ಸರ್ ಹೇಳಿದ್ದಾರೆ ಎಂದೂ ಸೇರಿಸಿದರು. 1940ರಲ್ಲಿ ಸ್ಟರ್ಟೆವಂಟ್ ಎಂಬ ತಳಿವಿಜ್ಞಾನಿ ಹಾಗೆ ಬರೆದದ್ದು ನಿಜ. ಆದರೆ 1952ರಲ್ಲಿ 33 ಜೋಡಿ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ 7 ಜೋಡಿಗಳಲ್ಲಿ ಒಬ್ಬರ ನಾಲಿಗೆ ಮಡಚುತ್ತಿತ್ತು, ಇನ್ನೊಬ್ಬರದು ಇಲ್ಲ. ಒಂದೇ ರಕ್ತ, ಎರಡು ನಾಲಿಗೆ. ಪಾಠಗಳಿಂದ ಆ ಹಳೆಯ ಮಾತು ಇನ್ನೂ ಹೋಗಿಲ್ಲ.

ಹುಡುಗರ ಸರದಿ ಮುಗಿದ ಮೇಲೆ ಹಿರಿಯರ ಸರದಿ ಬಂತು. ಅವರಿಗೆ ನನ್ನ ಎರಡನೆಯ ವಿದ್ಯೆ ಬೇಕು: ಯಾವ ತಾರೀಖು ಹೇಳಿದರೂ ಅದು ಯಾವ ವಾರ ಎಂದು ಹೇಳುವುದು. ಇದು ಶುದ್ಧ ಲೆಕ್ಕದ ಆಟವೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಇವತ್ತು ಒಪ್ಪಿಕೊಂಡುಬಿಡುತ್ತೇನೆ. ಜಾನ್ ಕಾನ್‌ವೇ ಎಂಬ ಗಣಿತಜ್ಞ 1973ರಲ್ಲಿ ರೂಪಿಸಿದ ಸೂತ್ರವಿದು. ಏಪ್ರಿಲ್ 4, ಜೂನ್ 6, ಆಗಸ್ಟ್ 8, ಅಕ್ಟೋಬರ್ 10, ಡಿಸೆಂಬರ್ 12, ಇವು ಯಾವ ವರ್ಷವಾದರೂ ಒಂದೇ ವಾರಕ್ಕೆ ಬೀಳುತ್ತವೆ. ಆ ವರ್ಷಕ್ಕೆ ಆ ವಾರ ಯಾವುದೆಂದು ತಿಳಿದರೆ ಉಳಿದದ್ದು ಏಳರ ಮಗ್ಗಿ. 1947ಕ್ಕೆ ಅದು ಶುಕ್ರವಾರ, ಹಾಗಾಗಿ ಆಗಸ್ಟ್ 8 ಶುಕ್ರವಾರ, 15ನೆಯ ತಾರೀಖೂ ಶುಕ್ರವಾರ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ 1890ರ ಜುಲೈ 20 ರವಿವಾರ. ಏಕೀಕರಣವಾದ 1956ರ ನವೆಂಬರ್ 1 ಗುರುವಾರ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ 1973ರ ನವೆಂಬರ್ 1 ಕೂಡ ಗುರುವಾರ. ಇದನ್ನು ಹೇಳಿದಾಗ ಜನ ಏನೋ ದೈವಸಂಕಲ್ಪವೆಂಬಂತೆ ತಲೆದೂಗುತ್ತಾರೆ. 17 ವರ್ಷಕ್ಕೆ 17 ದಿನ, ನಡುವಿನ ನಾಲ್ಕು ಅಧಿಕ ವರ್ಷಗಳಿಗೆ ನಾಲ್ಕು ದಿನ, ಒಟ್ಟು 21, ಅಂದರೆ ಸರಿಯಾಗಿ ಮೂರು ವಾರ ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ.

ಆ ಸಂಜೆ ಮರ್ಯಾದೆ ಹೋಗುವುದೂ ನಡೆಯಿತು. ದೂರದ ಸಂಬಂಧಿಕರೊಬ್ಬರು ತಮ್ಮ ಮದುವೆಯ ತಾರೀಖು 29 ಜನವರಿ 1984 ಎಂದರು. ನಾನು ಕಣ್ಣು ಮುಚ್ಚಿ, ಬೆರಳು ಮಡಚಿ, ಗಂಭೀರವಾಗಿ "ಸೋಮವಾರ" ಎಂದೆ. ಪಕ್ಕದಲ್ಲಿ ಹೂವಿನ ಮಾಲೆ ಬಿಡಿಸುತ್ತಿದ್ದ ಅವರ ಹೆಂಡತಿ ತಲೆಯೆತ್ತದೆ, "ರವಿವಾರ. ಇವರ ಆಫೀಸಿಗೆ ರಜಾ ಸಿಗಂಗಿಲ್ಲಂತ ರವಿವಾರದ್ದ ಮುಹೂರ್ತ ನೋಡಿಸಿದ್ರು" ಎಂದರು. ಜನವರಿಯಲ್ಲಿ ಸೂತ್ರದ ಆ ವಾರ ಬೀಳುವುದು 3ನೆಯ ತಾರೀಖಿಗೆ, ಅಧಿಕ ವರ್ಷವಾದರೆ 3ರ ಬದಲು 4ರಿಂದ ಎಣಿಸಬೇಕೆಂಬುದನ್ನು ಮರೆತಿದ್ದೆ. ಅಷ್ಟಾದರೂ ಒಬ್ಬರು ನನ್ನನ್ನು ಶಕುಂತಲಾ ದೇವಿಯವರಿಗೆ ಹೋಲಿಸಿದರು. ಬೆಂಗಳೂರಿನಲ್ಲಿ ಹುಟ್ಟಿದ ಆ ಮಹಾತಾಯಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1980ರ ಜೂನ್ 18ರಂದು 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿದವರು. ಆ ಸಾಧನೆಗೆ ನಾನು ಸೇರಿಸಬಲ್ಲದ್ದು ಒಂದೇ: ಅಂದು ಬುಧವಾರ.

ಇಷ್ಟೆಲ್ಲ ನಡೆಯುವಾಗ ನಮ್ಮ ಸೋದರತ್ತೆ ಗೋಡೆಗೆ ಆತು ಕೂತಿದ್ದರು. ಯಾರೋ ಒಬ್ಬ ಹುಡುಗಿ ಕಸೂತಿ ಸೆರಗಿನ ಹೊಸ ಸೀರೆಯನ್ನು ತಂದು ತೋರಿಸಿದಳು. ತೇರು, ತುಳಸಿ ಕಟ್ಟೆ, ನವಿಲು ಎಲ್ಲ ಇತ್ತು. ಅತ್ತಿ ಕನ್ನಡಕ ಹುಡುಕಲೂ ಇಲ್ಲ. ಸೆರಗಿನ ತುದಿಯನ್ನು ಮಗುಚಿ, ಹಿಂಬದಿಯ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆದು, "ಮಶೀನಿಂದವಾ. ಛಂದ ಐತಿ, ಉಟ್ಕೋ" ಎಂದು ಹಿಂತಿರುಗಿಸಿದರು. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಹುಡುಗಿಯ ಮುಖ ಸ್ವಲ್ಪ ಸಣ್ಣದಾಯಿತು.

ಧಾರವಾಡದ ಕಡೆಯ ಕಸೂತಿಯನ್ನು ನೋಡಿದವರು ಬಹಳ, ಅದು ಹೇಗೆ ನಡೆಯುತ್ತದೆಂದು ನೋಡಿದವರು ಕಡಿಮೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯೇ ಇದರಲ್ಲಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಿನಿಂದ ಎಣಿಸಿ, ಇಂತಿಷ್ಟು ಎಳೆಗಳ ಮೇಲೆ, ಇಂತಿಷ್ಟು ಎಳೆಗಳ ಕೆಳಗೆ ಎಂದು ಸೂಜಿಯನ್ನು ನಡೆಸಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಜಾಗ ಖಾಲಿ ಉಳಿಸಿಕೊಂಡು ಹೋಗಿ, ತಿರುಗಿ ಬರುವಾಗ ಆ ಖಾಲಿ ಜಾಗಗಳನ್ನೆಲ್ಲ ತುಂಬುತ್ತ, ಹೊರಟಲ್ಲಿಗೇ ಬಂದು ನಿಲ್ಲಬೇಕು. ಹಾಗಾಗಿ ಬಟ್ಟೆಯ ಮುಂದು ಹಿಂದು ಎರಡೂ ಕಡೆ ಚಿತ್ರ ಒಂದೇ ಸಮನಾಗಿ ಮೂಡುತ್ತದೆ. ಗವಂತಿಯ ಹೆಸರು ಗಂಟು ಎಂಬ ಶಬ್ದದಿಂದ ಬಂತೆಂದು ಹೇಳುತ್ತಾರೆ, ಆದರೆ ಕಸೂತಿಯಲ್ಲಿ ಗಂಟಿಗೆ ಜಾಗವೇ ಇಲ್ಲ. ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಒಂದೇ ಒಂದು ಎಳೆ ತಪ್ಪಿ ಎಣಿಸಿದರೆ ಆಗಲೇ ಏನೂ ಗೊತ್ತಾಗುವುದಿಲ್ಲ. ಗೋಪುರದ ಕಳಸ ಮುಟ್ಟಿ ಇಳಿದು ಬರುವಾಗ ದಾರಿ ಸೇರುವುದಿಲ್ಲ, ಆಗ ಇಡೀ ಗೋಪುರವನ್ನು ಬಿಚ್ಚಬೇಕು.

ಅತ್ತಿಯ ಮನೆಯಲ್ಲಿ ಒಂದು ರಾತ್ರಿ ಕರೆಂಟು ಹೋಗಿತ್ತು. ಅವರ ಸೊಸೆ ಕಸೂತಿ ಹಾಕುತ್ತಿದ್ದ ಇಳಕಲ್ ಸೀರೆಯ ಸೆರಗನ್ನು ಅತ್ತಿ ಕತ್ತಲೆಯಲ್ಲಿಯೇ ತೊಡೆಯ ಮೇಲೆ ಹರವಿಕೊಂಡು, ಬೆರಳ ತುದಿಯಿಂದ ಸಾಲು ಹಿಡಿದು ಹೋಗಿ, ಒಂದು ಕಡೆ ಉಗುರಿನಿಂದ ಒತ್ತಿ, "ಇಲ್ಲಿ ಐದ ಎಳಿ ತಗೊಂಡಿ ನೋಡವಾ" ಎಂದರು. ದೀಪ ಬಂದ ಮೇಲೆ ನೋಡಿದರೆ ಉಗುರಿನ ಗುರುತಿದ್ದಲ್ಲಿ ನಾಲ್ಕರ ಬದಲು ಐದು ಎಳೆಗಳಿದ್ದವು. ಹೇಗೆ ತಿಳಿಯಿತೆಂದು ಕೇಳಿದೆ. "ಕೈಗೆ ಹತ್ತತದ" ಎಂದರು. ಇನ್ನೂ ಒತ್ತಾಯಿಸಿ ಕೇಳಿದ್ದಕ್ಕೆ, ಇದರಲ್ಲಿ ಕೇಳುವುದೇನಿದೆ ಎಂಬಂತೆ ನೋಡಿ ಚಹಾ ಇಡಲು ಎದ್ದರು.

ಇದೇ ಜಾತಿಯ ಇನ್ನೊಂದನ್ನು ನೋಡಿದ್ದು ಬ್ಯಾಡಗಿಯಲ್ಲಿ. ನಮ್ಮ ಸೋದರಮಾವ ಅಲ್ಲಿಯ ಮೆಣಸಿನಕಾಯಿ ಪೇಟೆಯಲ್ಲಿ ಬಹಳ ವರ್ಷ ದಲಾಲಿ ಅಂಗಡಿಯಲ್ಲಿದ್ದವರು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಉದ್ದನೆಯ ಸುಕ್ಕುಗಟ್ಟಿದ್ದು ಕಡ್ಡಿ, ಗಿಡ್ಡ ದಪ್ಪನೆಯದು ಡಬ್ಬಿ. ಮಾವ ಚೀಲದೊಳಗೆ ಕೈ ತೂರಿಸಿ ಒಂದು ಮುಷ್ಟಿ ಕಾಯಿಯನ್ನು ಕಿವಿಯ ಹತ್ತಿರ ತಂದು ಹಿಸುಕುತ್ತಿದ್ದರು. ಚೆನ್ನಾಗಿ ಒಣಗಿದ್ದರೆ ಅದು ಚರಚರ ಎಂದು ಬೀಜ ಗಲಗಲಿಸುತ್ತದೆ, ತೂಕಕ್ಕೆಂದು ನೀರು ಚಿಮುಕಿಸಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಆ ಪೇಟೆಯಲ್ಲಿ ನಾನು ಕಾಲಿಟ್ಟ ಗಳಿಗೆಯಿಂದ ಸೀನುತ್ತಿದ್ದೆ, ಮಾವ ಒಮ್ಮೆಯೂ ಸೀನಿದ್ದನ್ನು ಕಾಣೆ. ಖಾರದ ಉರಿಯನ್ನು ಗುರುತಿಸುವ ಗ್ರಾಹಕವೊಂದು ನಮ್ಮ ನರಗಳಲ್ಲಿದೆ. 1997ರಲ್ಲಿ ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಮೇಲಿಂದ ಮೇಲೆ ಖಾರ ತಾಗುತ್ತಿದ್ದರೆ ಆ ನರಗಳು ಕ್ರಮೇಣ ಜಡವಾಗುತ್ತವೆ. ಮಾವನ ಮೂಗು ದಣಿದಿತ್ತು, ಕಿವಿ ಮಾತ್ರ ದಣಿದಿರಲಿಲ್ಲ.

ನನ್ನ ತಕರಾರು ಇಷ್ಟೇ. ಕಿವಿ ಅಲ್ಲಾಡಿಸುವುದಕ್ಕೆ ನಾನು ಒಂದು ದಿನವೂ ಬೆವರು ಸುರಿಸಿಲ್ಲ. ವಾರ ಹೇಳುವುದನ್ನು ನಾಲ್ಕು ದಿನದಲ್ಲಿ ಕಲಿತೆ. ಮನೆ ತುಂಬ ಚಪ್ಪಾಳೆ ಬೀಳುವುದು ಈ ಎರಡಕ್ಕೇ. ಅತ್ತಿಯ ಹೆಬ್ಬೆರಳಿಗೂ ಮಾವನ ಮುಷ್ಟಿಗೂ ಬೀಳುವುದಿಲ್ಲ, ಏಕೆಂದರೆ ಅವು ಕೆಲಸದ ನಡುವೆ, ಯಾರೂ ನೋಡದಿರುವಾಗ, ಅರೆಕ್ಷಣದಲ್ಲಿ ಮುಗಿದುಹೋಗುತ್ತವೆ. ಅವರನ್ನು ಕರೆದು ನಡುಮನೆಯಲ್ಲಿ ಕೂರಿಸಿ ಮಾಡಿ ತೋರಿಸಿ ಎಂದರೆ ಬಹುಶಃ ಆಗುವುದೂ ಇಲ್ಲ.

ಮದುವೆ ಮುಗಿಸಿ ಬಂದ ಮೇಲೆ ನಾನು ಹಟಕ್ಕೆ ಬಿದ್ದು ಒಂದು ತುಂಡು ಮ್ಯಾಟಿ ಬಟ್ಟೆ ತಂದು ಮೂರು ಸಂಜೆ ಕೂತು ಒಂದು ಗೇಣು ಗವಂತಿ ಹಾಕಿದೆ. ತಿರುಗಿ ಬರುವಾಗ ಸಾಲು ಒಂದು ಎಳೆಯಷ್ಟು ಸರಿದು ನಿಂತಿತು. ಎಣಿಸಿ ಎಣಿಸಿ ತಪ್ಪಿದ್ದು ಹದಿನಾಲ್ಕನೆಯ ಹೊಲಿಗೆಯಲ್ಲಿ ಎಂದು ಕಂಡುಹಿಡಿದು, ಬಿಚ್ಚುವ ಮೊದಲು ಧಾರವಾಡಕ್ಕೆ ಒಯ್ದು ಅತ್ತಿಯ ಕೈಗೆ ಕೊಟ್ಟೆ. ಅವರು ಟಿವಿ ನೋಡುತ್ತಲೇ ಬೆರಳಾಡಿಸಿ, "ಹನ್ನೊಂದನೇದ್ದು" ಎಂದರು. ಈ ಸಲ ಅತ್ತಿ ತಪ್ಪಿದರೆಂದು ಒಳಗೊಳಗೇ ಹಿಗ್ಗಿ, ಮನೆಗೆ ಬಂದು ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿದೆ. ಸಾಲಿನಲ್ಲಿದ್ದುದು ಒಟ್ಟು ಇಪ್ಪತ್ತನಾಲ್ಕು ಹೊಲಿಗೆ. ನಾನು ಎಡದಿಂದ ಎಣಿಸಿದ್ದೆ, ಅವರು ಬಲದಿಂದ.