ಬೈಬಲ್ ಜೊತೆ ಇನ್ನೇನು ಓದ್ಲಿ ಅಂತ ಕೇಳುವವರಿಗೆ

"ಅಣ್ಣಾ, ಬೈಬಲ್ ಜೊತೆಗೆ ಓದೋಕೆ ಒಂದು ಒಳ್ಳೆ ಪುಸ್ತಕ ಹೇಳಿ." ಭಾನುವಾರ ಆರಾಧನೆ ಮುಗಿಸಿ ಹೊರಗೆ ಚಪ್ಪಲಿ ಹುಡುಕುವಾಗ ಯಾರಾದರೂ ಇದನ್ನು ಕೇಳೇ ಕೇಳುತ್ತಾರೆ. ಇಲ್ಲಿ ದಾವಣಗೆರೆಯಲ್ಲೂ ಅಷ್ಟೇ, ಚಿತ್ರದುರ್ಗದ ಮನೆಕೂಟಕ್ಕೆ ಹೋದರೂ ಅಷ್ಟೇ. ನಾನು ಪಾದ್ರಿ ಅಲ್ಲ. ಓದುವ ಆಸೆ ಸ್ವಲ್ಪ ಜಾಸ್ತಿ ಇದೆ ಅಂತ ಕೇಳುತ್ತಾರೆ.

ನಾನು ಮೊದಲು ತಿರುಗಿ ಕೇಳುವುದು ಒಂದೇ. ಈಗ ನಿಮ್ಮ ಮನಸ್ಸನ್ನು ಕೊರೆಯುತ್ತಿರುವುದು ಏನು? ಅದು ಗೊತ್ತಾಗದೆ ಸುಮ್ನೆ ಹೆಸರು ಹೇಳಿದರೆ ಪುಸ್ತಕ ಶೋಕೇಸಿಗೆ ಹೋಗುತ್ತದೆ.

ಮನೆಯಲ್ಲಿ ಸಾವಾಗಿದೆ ಅನ್ನಿ. ಬಂದವರೆಲ್ಲ ವಾಗ್ದಾನ ವಚನಗಳ ಚಿಕ್ಕ ಪುಸ್ತಕ ಕೈಗಿಡುತ್ತಾರೆ. ನಾನು 88ನೇ ಕೀರ್ತನೆ ಓದಿ ಅನ್ನುತ್ತೇನೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಮಾತೂ ಇಲ್ಲ, ಆದರೂ ಅದು ಬೈಬಲಿನಲ್ಲಿದೆ. ಆಮೇಲೆ ಇಂಗ್ಲಿಷ್ ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ ತಮ್ಮ ದುಃಖದ ಬಗ್ಗೆ ಬರೆದ 'ಎ ಗ್ರೀಫ್ ಅಬ್ಸರ್ವ್ಡ್'. 1960ರಲ್ಲಿ ಅವರ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡರು, ಮರುವರ್ಷ ಈ ಪುಸ್ತಕ ಬೇರೆ ಹೆಸರಿನಲ್ಲಿ ಬಂತು. ಕಷ್ಟದಲ್ಲಿ ದೇವರ ಹತ್ತಿರ ಹೋದರೆ ಬಾಗಿಲು ಮುಚ್ಚಿ ಒಳಗಿಂದ ಚಿಲಕ ಹಾಕಿದ ಸದ್ದು ಕೇಳುತ್ತದೆ ಅಂತ ಅಷ್ಟು ದೊಡ್ಡ ವಿಶ್ವಾಸಿಯೇ ಬರೆದಿದ್ದಾರೆ. ಅಳುತ್ತಿರುವವರಿಗೆ ಇದು ಎಷ್ಟು ದೊಡ್ಡ ಆಸರೆ ಅಂತ ಕೊಟ್ಟು ನೋಡಿದವರಿಗೇ ಗೊತ್ತು.

ಪಕ್ಕದ ಮನೆಯವರು "ದೇವರು ಮನುಷ್ಯ ಆಗಿ ಯಾಕೆ ಹುಟ್ಟಬೇಕಿತ್ತು?" ಅಂತ ಕೇಳಿದಾಗ ಬಾಯಿ ಕಟ್ಟಿತು ಅನ್ನುವವರಿಗೆ ಅಥನೇಸಿಯಸ್. 4ನೇ ಶತಮಾನದ ಬಿಷಪ್, ನಂಬಿದ್ದನ್ನು ಬಿಡದೆ ಐದು ಸಲ ಗಡೀಪಾರಾದವರು. ಕ್ರಿಸ್ತನ ಮನುಷ್ಯಾವತಾರದ ಬಗ್ಗೆ ಅವರು ಬರೆದ ಪುಸ್ತಕ ಚಿಕ್ಕದು. ರಾಜ ಬಂದು ಊರಿನ ಒಂದು ಮನೆಯಲ್ಲಿ ಇಳಿದುಕೊಂಡರೂ ಇಡೀ ಊರಿಗೆ ಗೌರವ, ಕಳ್ಳರು ಆ ಕಡೆ ತಲೆ ಹಾಕುವುದಿಲ್ಲ; ಕ್ರಿಸ್ತ ನಮ್ಮ ದೇಹ ತೆಗೆದುಕೊಂಡದ್ದೂ ಹಾಗೇ ಅನ್ನುತ್ತಾರೆ. ಇದು ಯಾರಿಗೆ ಅರ್ಥ ಆಗುವುದಿಲ್ಲ ಹೇಳಿ? ದೇವತಾಶಾಸ್ತ್ರ ಅಯ್ಯನವರಿಗೆ, ನಮಗ್ಯಾಕೆ ಅನ್ನುವವರು ಭಾನುವಾರ ಎದ್ದು ನಿಂತು ವಿಶ್ವಾಸ ಪ್ರಮಾಣ, ಅಂದರೆ ನಾವು ನಂಬುವುದು ಏನು ಅನ್ನುವ ಮಾತು, ಹೇಳುತ್ತಾರಲ್ಲ, ಅದು ಮತ್ತೇನು?

ಆದರೆ ನಾನು ಅತಿ ಹೆಚ್ಚು ಸಲ ಹೇಳುವ ಹೆಸರು ಪಂಡಿತಾ ರಮಾಬಾಯಿ. 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತುಂಗೆ, ಭದ್ರೆ ಹುಟ್ಟುವ ಜಾಗ ಅದು, ಹರಿಹರದಲ್ಲಿ ನಾವು ನೋಡುವ ನೀರು ಅಲ್ಲಿಂದಲೇ ಬರುವುದು. ಊರೂರು ತಿರುಗಿ ಪುರಾಣ ಓದುತ್ತಿದ್ದ ಮನೆತನ. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರೂ ಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಆಗಿ ಕ್ರೈಸ್ತರಾದರು. ಎಲ್ಲರೂ ಕಥೆ ಇಲ್ಲಿಗೆ ನಿಲ್ಲಿಸುತ್ತಾರೆ. ಅವರು ನಿಲ್ಲಿಸಲಿಲ್ಲ. ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಇನ್ನೂ ಸಿಕ್ಕಿರಲಿಲ್ಲ ಅಂತ ತಮ್ಮ ಸಾಕ್ಷಿಯಲ್ಲಿ, ಅಂದರೆ ತಾವು ವಿಶ್ವಾಸಕ್ಕೆ ಬಂದ ಕಥೆಯಲ್ಲಿ, ಬರೆದಿದ್ದಾರೆ. ಕೆಲವು ವರ್ಷ ಆದ ಮೇಲೆ ಹ್ಯಾಸ್ಲಮ್ ಅನ್ನುವ ಪಾದ್ರಿಯ ಪುಸ್ತಕ ಅವರ ಕೈಗೆ ಬಂತು. ಪಾದ್ರಿಯಾಗಿದ್ದರೂ ಅವರಿಗೆ ಪ್ರಸಂಗ ಮಾಡುತ್ತಿದ್ದಾಗಲೇ ನಿಜವಾದ ಮನಪರಿವರ್ತನೆ ಆಗಿತ್ತು! ಅದನ್ನು ಓದಿ ರಮಾಬಾಯಿ ತಮ್ಮನ್ನೇ ಪರೀಕ್ಷಿಸಿಕೊಂಡರು.

ನಮ್ಮ ಸಭೆಯಲ್ಲಿ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಇದ್ದಾರೆ. ಓದು ಬರುವುದಿಲ್ಲ. ಕಾಲೇಜಿಗೆ ಹೋಗುವ ಮಗಳು ರಾತ್ರಿ ಊಟ ಆದ ಮೇಲೆ ರಮಾಬಾಯಿಯವರ ಸಾಕ್ಷಿಯನ್ನು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಾಳೆ. ಈ ಭಾಗ ಬಂದಾಗ ಅಕ್ಕ ತಡೆದು, "ತಡಿಯೇ, ಸ್ನಾನ ಆದ ಮೇಲೂ ಸಿಕ್ಕಿರಲಿಲ್ವಾ? ಅದನ್ನ ಇನ್ನೊಂದು ಸಲ ಹೇಳು" ಅಂದರಂತೆ. ಆ ವಾರ ಪ್ರಾರ್ಥನೆ ಕೂಟದಲ್ಲಿ ನಮ್ಮೆಲ್ಲರಿಗೂ ಅದೇ ಪ್ರಶ್ನೆ ಇಟ್ಟರು. ಬೇಗ ಉತ್ತರ ಕೊಟ್ಟವರು ಯಾರೂ ಇಲ್ಲ.

ಇಂಗ್ಲಿಷ್ ಬರುವುದಿಲ್ಲ ಅನ್ನುವುದಕ್ಕೂ ನನ್ನ ಉತ್ತರ ಇದೇ. ಕನ್ನಡದಲ್ಲಿ ಇಂಥ ಪುಸ್ತಕ ಕಡಿಮೆ, ನಿಜ, ಅದು ನನಗೆ ತುಂಬಾ ನೋವಿನ ವಿಷಯ. ಆದರೆ ಮನೆಯಲ್ಲಿ ಓದಿರುವ ಮಕ್ಕಳಿದ್ದಾರೆ ಅಲ್ವಾ? ದಿನಕ್ಕೆ ಎರಡು ಪುಟ ಹೇಳಿಸಿಕೊಳ್ಳಿ. ರಮಾಬಾಯಿಯವರ ಸಾಕ್ಷಿ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಲೂಯಿಸ್, ಅಥನೇಸಿಯಸ್ ಬೇಕಿದ್ದರೆ ಭಾನುವಾರ ಸಿಕ್ಕಾಗ ಕೇಳಿ, ನನ್ನ ಪುಸ್ತಕ ಕೊಡುತ್ತೇನೆ. ಪೆನ್ಸಿಲ್ ಇಟ್ಟುಕೊಂಡು ಓದಿ, ಒಪ್ಪಿಗೆ ಆಗದ ಕಡೆ ಗೆರೆ ಎಳೆದು ವಾಪಸ್ ಕೊಡಿ. ಅಲ್ಲಿಂದಲೇ ಮಾತಾಡೋಣ.