ಸುಗ್ಗಿಯ ಲೆಕ್ಕ ಮತ್ತು 130 ರೂಪಾಯಿಯ ಲೆಕ್ಕ: ಸಿಂಧನೂರಿನ ಕೇಬಲ್ ಆಪರೇಟರನೊಬ್ಬನ ಅನುಭವ

1996ರಲ್ಲಿ ಸಿಂಧನೂರು ತಾಲ್ಲೂಕಿನಲ್ಲಿ ಕೇಬಲ್ ಟಿವಿ ಕೆಲಸ ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಎರಡು ಡಿಶ್, ಒಂದು ಬಾಡಿಗೆ ಕೋಣೆ ಮತ್ತು ಭಾವ ಕೊಟ್ಟ ಸಾಲ. ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ ಉದಯ ಟಿವಿ ಬಂದು ಆಗ ಎರಡು ವರ್ಷವಾಗಿತ್ತು. ಅದೊಂದು ಬಂದರೆ ಸಾಕು ಎಂದು ಜನ ತಾವಾಗಿಯೇ ಕೋಣೆಗೆ ಬಂದು ಹೆಸರು ಬರೆಸಿ ಹೋಗುತ್ತಿದ್ದರು. ಅಂದಿನಿಂದ ಇಂದಿನವರೆಗೆ ಮನೆಮನೆಗೆ ತಂತಿ ಎಳೆದು, ಮಳೆಗಾಲದಲ್ಲಿ ಆಂಪ್ಲಿಫೈಯರ್ ಸುಟ್ಟಾಗ ರಾತ್ರಿ ಕಂಬ ಹತ್ತಿ, ತಿಂಗಳ ವಸೂಲಿ ಪುಸ್ತಕ ಹಿಡಿದು ಓಣಿ ಸುತ್ತಿ ಬದುಕಿದ್ದೇನೆ. ಈ ಕೆಲಸ ನನಗೆ ಕಲಿಸಿದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮನೆಯವರು ಟಿವಿಯಲ್ಲಿ ಏನು ನೋಡಬೇಕು, ಅದಕ್ಕೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ಆ ಮನೆಯವರಿಗೂ ತಂತಿ ಎಳೆದವನಿಗೂ ನಡುವಿನ ಒಪ್ಪಂದ. ಮೋಸವನ್ನೂ ಒತ್ತಾಯವನ್ನೂ ತಡೆಯುವುದು ಸರ್ಕಾರದ ಕೆಲಸವೇ ಹೌದು. ಅದನ್ನು ದಾಟಿ ದರವನ್ನೂ ಸುದ್ದಿಯನ್ನೂ ಅದು ತಾನೇ ಅಳೆಯಲು ಹೊರಟಾಗ ಅದರ ಪೆಟ್ಟು ಬೀಳುವುದು ಚಿಕ್ಕವರ ಮೇಲೆ.

ನನ್ನ ಲೈನ್ ಇದ್ದ ಊರುಗಳ ಬಗ್ಗೆ ಸ್ವಲ್ಪ ಹೇಳಬೇಕು. ಸಿಂಧನೂರು ಸುತ್ತ ಮೂಲ ಊರುಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಕ್ಯಾಂಪ್‌ಗಳಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ನೆಲೆಸಿದ ಆರ್.ಎಚ್. ಕ್ಯಾಂಪ್‌ಗಳಿವೆ. ಹೀಗಾಗಿ ಐದಾರು ಕಿಲೋಮೀಟರ್ ತಂತಿಯಲ್ಲಿ ನಾನು ಮೂರು ಭಾಷೆಯ ಮನೆಗಳಿಗೆ ಸಿಗ್ನಲ್ ಕೊಡುತ್ತಿದ್ದೆ. ಕನ್ನಡದ ಮನೆಗೆ ಧಾರಾವಾಹಿ ಬೇಕು, ಕ್ಯಾಂಪಿನ ಮನೆಗೆ ತೆಲುಗು ಸಿನಿಮಾ ಬೇಕು, ಆರ್.ಎಚ್. ಕ್ಯಾಂಪಿನ ಅಜ್ಜಂದಿರಿಗೆ ದುರ್ಗಾಪೂಜೆಯ ದಿನಗಳಲ್ಲಾದರೂ ಒಂದು ಬಂಗಾಳಿ ಚಾನೆಲ್ ಬೇಕು. ಯಾವ ಕಚೇರಿಯೂ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ. ವಸೂಲಿಗೆ ಹೋದಾಗ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡೆ, ಅದಕ್ಕೆ ತಕ್ಕಂತೆ ಚಾನೆಲ್ ಹೊಂದಿಸಿದೆ. 2018ರ ಹೊತ್ತಿಗೆ ನನಗೆ 640 ಕನೆಕ್ಷನ್ ಇದ್ದವು, ಎಲ್ಲ ಚಾನೆಲ್ ಸೇರಿ ಒಂದು ಮನೆಗೆ ತಿಂಗಳಿಗೆ 180 ರೂಪಾಯಿ ತೆಗೆದುಕೊಳ್ಳುತ್ತಿದ್ದೆ.

ಎಲ್ಲರೂ 180 ಕೊಡುತ್ತಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಕೂಲಿ ಮಾಡುವ ಒಂದು ಮನೆ 100 ಕೊಡುತ್ತಿತ್ತು. ಗಂಡ ತೀರಿಹೋದ ಒಬ್ಬ ತಾಯಿಯ ಮನೆಯಿಂದ ನಾನು ಕೇಳುತ್ತಲೇ ಇರಲಿಲ್ಲ. ರೈತರ ಮನೆಗಳದ್ದು ಬೇರೆಯೇ ಪದ್ಧತಿ. ತಿಂಗಳು ತಿಂಗಳು ಹಣ ಬರದಿದ್ದವರು ತಿಂಗಳು ತಿಂಗಳು ಕೊಡುವುದಾದರೂ ಹೇಗೆ? ಭತ್ತ ಮಾರಿದ ಮೇಲೆ ಐದಾರು ತಿಂಗಳದ್ದನ್ನು ಒಟ್ಟಿಗೆ ಎಣಿಸಿ ಕೊಡುತ್ತಿದ್ದರು. ಅಲ್ಲಿಯವರೆಗೆ ಉದ್ರಿ. ನನ್ನ ವಸೂಲಿ ಪುಸ್ತಕದಲ್ಲಿ ಅಂಥವರ ಹೆಸರಿನ ಮುಂದೆ 'ಸುಗ್ಗಿ' ಎಂದು ಬರೆದುಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷಗಳಲ್ಲಿ ಉದ್ರಿ ಮುಳುಗಿಸಿದ ಮನೆಗಳನ್ನು ಬೆರಳಲ್ಲಿ ಎಣಿಸಬಹುದು.

2017ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹೊಸ ದರ ಆದೇಶ ಹೊರಡಿಸಿತು. ಅದು ನಮ್ಮ ತಂತಿಗಳ ಮೇಲೆ ನಿಜವಾಗಿ ಇಳಿದದ್ದು 2019ರ ಫೆಬ್ರವರಿ 1ರಂದು. ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಗ್ರಾಹಕ ತಾನು ನೋಡುವ ಚಾನೆಲ್‌ಗೆ ಮಾತ್ರ ಹಣ ಕೊಡಲಿ ಎಂದು ಅದನ್ನು ಬರೆದವರು ಪ್ರಾಮಾಣಿಕವಾಗಿಯೇ ಬಯಸಿದ್ದರು ಎಂದು ನಂಬುತ್ತೇನೆ. ಆದರೆ ಆ ಬಯಕೆ ಆದೇಶದ ರೂಪ ತಾಳಿದಾಗ ದೇಶಕ್ಕೆಲ್ಲ ಒಂದೇ ಅಳತೆಯಾಯಿತು. 100 ಚಾನೆಲ್‌ಗಳವರೆಗೆ ನೆಟ್‌ವರ್ಕ್ ಶುಲ್ಕ, ಅಂದರೆ ಮನೆಗೆ ಸಿಗ್ನಲ್ ತಲುಪಿಸುವ ಮೂಲ ಶುಲ್ಕ, ಗರಿಷ್ಠ 130 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ದೂರದರ್ಶನದ ಕಡ್ಡಾಯ ಚಾನೆಲ್‌ಗಳು ಆಗ ಆ 100ರೊಳಗೇ ಬರುತ್ತಿದ್ದವು. ಪೇ ಚಾನೆಲ್‌ಗಳಿಗೆ ಬೇರೆ ಹಣ. ಹಲವು ಚಾನೆಲ್ ಒಟ್ಟಿಗೆ ಮಾರುವ ಪ್ಯಾಕಿನಲ್ಲಿ ಸೇರಬೇಕಾದ ಚಾನೆಲ್ಲಿನ ಬಿಡಿ ದರ 19 ರೂಪಾಯಿ ಮೀರಕೂಡದು.

ದರಕ್ಕೆ ಮಿತಿ ಹಾಕಿದರೆ ಏನಾಗುತ್ತದೆ ಎಂಬುದನ್ನು ಆ ತಿಂಗಳು ಕಣ್ಣಾರೆ ನೋಡಿದೆ. ಜನ ಬಿಡಲಾರದ ಮನರಂಜನಾ ಚಾನೆಲ್‌ಗಳು ಒಂದಾದ ಮೇಲೊಂದು ಆ 19ರ ಗೆರೆಗೇ ಬಂದು ನಿಂತವು. ಮೇಲಿನ ಗೆರೆ ಎಂದು ಎಳೆದದ್ದೇ ಮಾರಾಟದ ದರವಾಯಿತು. 19ರ ದರದ ನಾಲ್ಕು ಚಾನೆಲ್ ಬಿಡಿಯಾಗಿ ಆರಿಸಿಕೊಂಡ ಮನೆಗೆ 76 ರೂಪಾಯಿ, ತೆರಿಗೆ ಸೇರಿ 89 ರೂಪಾಯಿ 68 ಪೈಸೆ, ಮೂಲ ಶುಲ್ಕ ಕೂಡಿಸಿದರೆ 243 ರೂಪಾಯಿ 8 ಪೈಸೆ. ಪ್ಯಾಕ್ ತೆಗೆದುಕೊಂಡರೆ ಬಿಡಿಗಿಂತ ಅಗ್ಗವಾಗುತ್ತಿತ್ತು ನಿಜ. ಹಾಗೆ ತೆಗೆದುಕೊಂಡರೆ ಆಯ್ಕೆಯ ಮಾತು ಅಲ್ಲಿಗೇ ಮುಗಿಯಿತು, ಬೇಡದ ಚಾನೆಲ್‌ಗಳು ಮತ್ತೆ ಮನೆಗೆ ಬಂದವು. ಈ 243ರಲ್ಲಿ ನನ್ನ ಪಾಲು ಎಷ್ಟು ಎಂಬುದನ್ನೂ ನಿಯಮವೇ ಹೇಳುತ್ತಿತ್ತು. ಬೇರೆ ಒಪ್ಪಂದವಿಲ್ಲದಿದ್ದರೆ ನೆಟ್‌ವರ್ಕ್ ಶುಲ್ಕದಲ್ಲಿ ಶೇಕಡಾ 45, ಅಂದರೆ 58 ರೂಪಾಯಿ 50 ಪೈಸೆ. ಚಾನೆಲ್ ದರದಲ್ಲಿ ವಿತರಣೆಗೆಂದು ಸಿಗುವ ಶೇಕಡಾ 20ರಲ್ಲಿ ಮತ್ತೆ 45, ಅಂದರೆ 6 ರೂಪಾಯಿ 84 ಪೈಸೆ.

ಎಲ್ಲಕ್ಕಿಂತ ನೋಯಿಸಿದ್ದು ಉದ್ರಿ ನಿಂತದ್ದು. ನಿಯಮದಲ್ಲಿ ನಂತರ ಹಣ ಕೊಡುವ ಪದ್ಧತಿಗೂ ಅವಕಾಶವಿತ್ತು. ಆದರೆ ಪ್ರತಿ ಮನೆಯ ಪ್ರತಿ ಚಾನೆಲ್ಲಿನ ಲೆಕ್ಕ ದಿನದಿನವೂ ಮೇಲಕ್ಕೆ ಹೋಗತೊಡಗಿದ ಮೇಲೆ, ನಮಗೆ ಸಿಗ್ನಲ್ ಕೊಡುವ ಎಂಎಸ್‌ಒ ಮುಂಗಡ ಹಣ ಕಟ್ಟದೆ ಒಂದು ಬಾಕ್ಸನ್ನೂ ಚಾಲೂ ಇಡಲಿಲ್ಲ. ಮೂವತ್ತನೇ ದಿನ ರಾತ್ರಿ ಹನ್ನೆರಡಕ್ಕೆ ಬಾಕ್ಸ್ ತಾನಾಗಿಯೇ ಬಂದ್ ಆಗುತ್ತಿತ್ತು. ನನ್ನ ಪುಸ್ತಕದಲ್ಲಿ 'ಸುಗ್ಗಿ' ಎಂದು ಬರೆದಿದೆ ಎಂಬುದು ಆ ಯಂತ್ರಕ್ಕೆ ಗೊತ್ತಿರಲಿಲ್ಲ. ಮೊದಲ ಎರಡು ತಿಂಗಳು ನನ್ನ ಕೈಯಿಂದಲೇ ತುಂಬಿದೆ, ಮೂರನೆಯ ತಿಂಗಳು ಆಗಲಿಲ್ಲ.

ಆ ಫೆಬ್ರವರಿಯಲ್ಲಿ ಚಾನೆಲ್ ಆರಿಸುವ ಅರ್ಜಿ ಹಿಡಿದುಕೊಂಡು ಒಂದು ಮನೆಗೆ ಹೋದೆ. ಆ ಮನೆಯ ಅಮ್ಮ ಇಪ್ಪತ್ತು ವರ್ಷದಿಂದ ನನ್ನ ಗಿರಾಕಿ. ನಾಲ್ಕು ಪುಟ, ಸಣ್ಣ ಅಕ್ಷರ, ಮುನ್ನೂರಕ್ಕೂ ಹೆಚ್ಚು ಹೆಸರುಗಳು, ಪ್ರತಿಯೊಂದರ ಮುಂದೆ ಒಂದು ಚೌಕ. ನಾನು ಓದುತ್ತಾ ಹೋದೆ, ಅವರು ಮೊರದಲ್ಲಿ ಅಕ್ಕಿ ಕೇರುತ್ತಾ ಕೇಳಿಸಿಕೊಂಡರು. ಎರಡನೆಯ ಪುಟ ಮುಗಿಯುವಷ್ಟರಲ್ಲಿ ಕೈ ನಿಲ್ಲಿಸಿ, "ಇಷ್ಟೆಲ್ಲ ನಮಗೇನು ತಿಳಿತೈತಪ್ಪಾ ತಮ್ಮಾ? ಮೊದಲು ಏನು ಬರ್ತಿತ್ತೋ ಅದನ್ನ ಹಚ್ಚು, ಸಾಕು" ಎಂದರು. ಮೊದಲು ಬರುತ್ತಿದ್ದುದನ್ನು ಮೊದಲಿನ ದರಕ್ಕೆ ಹಚ್ಚುವ ಅಧಿಕಾರ ನನಗೆ ಉಳಿದಿಲ್ಲ ಎಂದು ಅವರಿಗೆ ಹೇಳುವುದು ಹೇಗೆಂದು ತಿಳಿಯಲಿಲ್ಲ. ಆಯ್ಕೆ ಮಾಡಿಕೊಳ್ಳದಿರುವುದೂ ಒಂದು ಆಯ್ಕೆ, ನನ್ನ ಗಿರಾಕಿಗಳಲ್ಲಿ ಬಹುಪಾಲು ಜನ ಅದನ್ನೇ ಮಾಡಿಕೊಂಡಿದ್ದರು. ಅರ್ಜಿಯಲ್ಲಿ ಅದಕ್ಕೆ ಚೌಕ ಇರಲಿಲ್ಲ.

ಆಮೇಲೆ ಆದೇಶವೇ ಪದೇಪದೇ ಬದಲಾಯಿತು. 2020ರ ಜನವರಿಯಲ್ಲಿ 130ಕ್ಕೆ 200 ಚಾನೆಲ್ ಕೊಡಬೇಕೆಂದಾಯಿತು, 19ರ ಗೆರೆ 12ಕ್ಕೆ ಇಳಿಯಿತು, ವಾಹಿನಿಗಳು ನ್ಯಾಯಾಲಯಕ್ಕೆ ಹೋದವು, 2022ರ ನವೆಂಬರಿನಲ್ಲಿ 12 ಮತ್ತೆ 19 ಆಯಿತು. ಕೊನೆಗೆ 2024ರ ಜುಲೈನಲ್ಲಿ ಟ್ರಾಯ್ ತಾನೇ ನೆಟ್‌ವರ್ಕ್ ಶುಲ್ಕದ ಮಿತಿಯನ್ನು ತೆಗೆದುಹಾಕಿ, ಆ ಶುಲ್ಕವನ್ನು ಮಾರುಕಟ್ಟೆಗೆ ಬಿಟ್ಟಿತು. ಐದು ವರ್ಷಗಳ ನಂತರ ನಾವು ಹೊರಟಲ್ಲಿಗೇ ಬಂದೆವು. ಅಷ್ಟರಲ್ಲಿ ನನ್ನ 640 ಕನೆಕ್ಷನ್ 210ಕ್ಕೆ ಇಳಿದಿದ್ದವು. ಎಲ್ಲವೂ ಆದೇಶದಿಂದಲೇ ಆಯಿತು ಎನ್ನಲಾರೆ. ಮೊಬೈಲ್ ಡೇಟಾ ಅಗ್ಗವಾಗಿತ್ತು, ಉಚಿತ ಡಿಶ್ ಬಂದಿತ್ತು, ಹುಡುಗರು ಫೋನಿನಲ್ಲೇ ಎಲ್ಲ ನೋಡತೊಡಗಿದ್ದರು. ಆದರೆ ಇಂಟರ್ನೆಟ್ಟಿನ ಮೇಲೆ ಬರುವ ಸಿನಿಮಾ, ಧಾರಾವಾಹಿಗಳ ದರವನ್ನು ಆ ವರ್ಷಗಳಲ್ಲಿ ಯಾರೂ ಗೊತ್ತುಮಾಡಲಿಲ್ಲ. ಅವರು ತಿಂಗಳಿಗೊಂದು ದರ, ವರ್ಷಕ್ಕೊಂದು ದರ, ಮೊಬೈಲ್‌ಗೊಂದು ದರ ಎಂದು ತಮಗೆ ತೋಚಿದಂತೆ ಪ್ರಯೋಗ ಮಾಡಿ ಗಿರಾಕಿಯನ್ನು ಹುಡುಕಿಕೊಂಡರು. ಅದೇ ಪ್ರಯೋಗ ಮಾಡುವ ಕೈಗಳನ್ನು ಕಟ್ಟಿಸಿಕೊಂಡು ನಾವು ಅವರ ಎದುರು ನಿಂತಿದ್ದೆವು.

ನಿಯಂತ್ರಣ ಬೇಕೇ ಬೇಕು ಎನ್ನುವವರು ನನಗೆ ಒಂದು ಮಾತು ಹೇಳುತ್ತಾರೆ, ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾರೆ. ಕೇಬಲ್‌ನವರು ಓಣಿಗಳನ್ನು ಹಂಚಿಕೊಂಡು ಏಕಸ್ವಾಮ್ಯ ನಡೆಸುತ್ತಿದ್ದರು ಎಂಬುದು ಆ ಮಾತು. ಅದು ನಿಜ. ನಾನೂ ಪಕ್ಕದ ಆಪರೇಟರನೂ ಕಾಲುವೆಯ ಆಚೆ ನಿನ್ನದು, ಈಚೆ ನನ್ನದು ಎಂದು ಮಾತಾಡಿಕೊಂಡಿದ್ದೆವು, ಆಗ ಸಿಗ್ನಲ್ ಕೆಟ್ಟರೆ ದುರಸ್ತಿಗೆ ಎರಡು ದಿನ ತಡಮಾಡಿದ್ದೂ ಉಂಟು. ನನ್ನನ್ನು ಸರಿದಾರಿಗೆ ತಂದದ್ದು ಯಾವ ಆದೇಶವೂ ಅಲ್ಲ, ಡಿಟಿಎಚ್. ಛಾವಣಿಯ ಮೇಲೆ ಒಂದು ಪುಟ್ಟ ಡಿಶ್ ಕೂರಿಸಿದರೆ ಕೇಬಲ್‌ನವನ ಹಂಗು ಬೇಡ ಎಂದಾದ ಮೇಲೆ ರಾತ್ರಿ ಹತ್ತಕ್ಕೂ ಫೋನ್ ಎತ್ತಿದೆ, ಹಳೆಯ ಆಂಪ್ಲಿಫೈಯರ್‌ಗಳನ್ನು ಬದಲಿಸಿದೆ. ಅಂಥ ಡಿಟಿಎಚ್ ಸೇವೆಯನ್ನು 1997ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತ್ತು. 2000ದ ನವೆಂಬರಿನಲ್ಲಿ ಅನುಮತಿ ಕೊಟ್ಟಿತು, ಮೊದಲ ಖಾಸಗಿ ಸೇವೆ ಶುರುವಾದದ್ದು 2003ರಲ್ಲಿ. ಅಷ್ಟು ವರ್ಷ ನನ್ನ ಸೋಮಾರಿತನವನ್ನು ಕಾಪಾಡಿದ್ದು ಸರ್ಕಾರದ ಆ ನಿಷೇಧವೇ. ಎಲ್ಲಕ್ಕೂ ಸರ್ಕಾರದ ಅಪ್ಪಣೆ ಬೇಕಾದ ಆಡಳಿತವನ್ನು 'ಪರ್ಮಿಟ್-ಲೈಸೆನ್ಸ್ ರಾಜ್' ಎಂದು ರಾಜಾಜಿಯವರು ಕರೆದದ್ದು ಕಾರ್ಖಾನೆಗಳ ಕಾಲದ್ದು ಎಂದುಕೊಂಡಿದ್ದೆ. ಅದರ ಫಲವನ್ನು ನಾನೇ ಉಂಡಿದ್ದೇನೆ, ಅದರ ಪೆಟ್ಟನ್ನೂ ನಾನೇ ತಿಂದಿದ್ದೇನೆ.

ದರದ ಮಾತು ಇಷ್ಟಾಯಿತು. ಸುದ್ದಿಯ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಸಂಕಟವಿದೆ. ನಮ್ಮ ಜಾಲದಲ್ಲಿ ಒಂದು ಸ್ಥಳೀಯ ಚಾನೆಲ್ ಇತ್ತು. ಸಂಜೆ ಏಳಕ್ಕೆ ಅರ್ಧ ಗಂಟೆ ಸುದ್ದಿ ಬರುತ್ತಿತ್ತು. ಎಪಿಎಂಸಿಯಲ್ಲಿ ಆ ದಿನದ ಭತ್ತದ ದರ, ಯಾವ ವಿತರಣಾ ಕಾಲುವೆಗೆ ಎಷ್ಟು ದಿನ ನೀರು, ಮುನಿರಾಬಾದಿನ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಏನಾಯಿತು, ಯಾರ ಎಮ್ಮೆ ಕಳೆದಿದೆ, ಯಾವ ಊರಿನ ಜಾತ್ರೆ ಎಂದು. ಕಾಲುವೆಯ ಕೊನೆಯ ಭಾಗದ ರೈತರು ಆ ಅರ್ಧ ಗಂಟೆ ತಪ್ಪಿಸುತ್ತಿರಲಿಲ್ಲ. 2022ರ ನವೆಂಬರ್ 30ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಇಂಥ ಚಾನೆಲ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. ಪ್ರತಿ ಚಾನೆಲ್ ನೋಂದಣಿಗೆ 1,000 ರೂಪಾಯಿ, ಅದು ದೊಡ್ಡ ಮಾತಲ್ಲ. ಪ್ರಸಾರವಾದದ್ದನ್ನೆಲ್ಲ 90 ದಿನ ಕಾಪಿಡಬೇಕು, ಅದನ್ನೂ ಹೇಗೋ ಮಾಡಬಹುದಿತ್ತು. ಆದರೆ ಸ್ಥಳೀಯ ಸುದ್ದಿ ಕೊಡಬೇಕಾದರೆ ಎಂಎಸ್‌ಒ ಕಂಪನಿಯಾಗಿ ನೋಂದಣಿಯಾಗಿರಬೇಕು, ಇಲ್ಲದಿದ್ದರೆ ಮೂರು ತಿಂಗಳೊಳಗೆ ಅದಕ್ಕೆ ಅರ್ಜಿ ಹಾಕಬೇಕು ಎಂಬ ಷರತ್ತು ಅದರಲ್ಲಿತ್ತು. ನಮಗೆ ಸಿಗ್ನಲ್ ಕೊಡುತ್ತಿದ್ದದ್ದು ಇಬ್ಬರು ಅಣ್ಣತಮ್ಮಂದಿರ ಪಾಲುದಾರಿಕೆ. ಕಂಪನಿ ಮಾಡಿ, ವರ್ಷವರ್ಷ ಲೆಕ್ಕಪರಿಶೋಧನೆ ಮಾಡಿಸಿ, ಸುದ್ದಿಯಿಂದ ಬರುವ ಜಾಹೀರಾತಿನ ಪುಡಿಗಾಸಿಗೆ ಅಷ್ಟು ಖರ್ಚು ಏಕೆ ಎಂದು ಅವರು ಸುದ್ದಿಯನ್ನೇ ನಿಲ್ಲಿಸಿದರು. ಹಾಡು, ಜಾತ್ರೆ, ರಥೋತ್ಸವದ ದೃಶ್ಯ ಉಳಿದವು.

ಭತ್ತದ ದರ ಹೇಳಲು ಕಂಪನಿ ಏಕಾಗಬೇಕು ಎಂದು ನಾನು ಇಂದಿಗೂ ಕೇಳುತ್ತಿದ್ದೇನೆ. ಸುಳ್ಳು ಸುದ್ದಿ ಕೊಟ್ಟವನ ಮೇಲೆ ಮಾನನಷ್ಟ ಹೂಡಬಹುದು, ಗಲಭೆ ಎಬ್ಬಿಸಿದವನ ಮೇಲೆ ಪೊಲೀಸರು ಪ್ರಕರಣ ದಾಖಲಿಸಬಹುದು. ಆದದ್ದಕ್ಕೆ ಹೊಣೆ ಹೊರಿಸುವ ಆ ಕಾನೂನುಗಳನ್ನು ನಾನು ಗೌರವಿಸುತ್ತೇನೆ. ಬಾಯಿ ತೆರೆಯುವ ಮೊದಲೇ ಅರ್ಹತೆ ಕೇಳುವುದು ಬೇರೆ ಜಾತಿಯ ಕಾನೂನು. 1995ರಲ್ಲಿ ಸುಪ್ರೀಂ ಕೋರ್ಟ್ ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದಿತು. ತರಂಗಗಳು ಮಿತವಾಗಿವೆ, ಆದ್ದರಿಂದ ನಿಯಂತ್ರಣ ಬೇಕು ಎಂಬ ವಾದಕ್ಕೆ ಅಲ್ಲಿ ಅರ್ಥವಿರಬಹುದು. ನನ್ನದು ತರಂಗವಲ್ಲ, ದುಡ್ಡು ಕೊಟ್ಟು ತಂದು ಎಳೆದ ತಂತಿ. ಆ ತಂತಿ ಸಾರ್ವಜನಿಕ ಕಂಬಕ್ಕೆ ಕಟ್ಟಿದ್ದರೆ ಕಂಬದ ಬಾಡಿಗೆ ಕೇಳಲಿ, ಕರೆಂಟಿನ ತಂತಿಯಿಂದ ಇಷ್ಟು ದೂರ ಇರಲಿ ಎನ್ನಲಿ, ಅದು ಕಂಬದ ಒಡೆಯನ ಹಕ್ಕು. ಆ ಬಾಡಿಗೆಯ ಜೊತೆ ತಂತಿಯೊಳಗಿನ ಮಾತಿನ ಮೇಲೂ ಹಕ್ಕು ಬರುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಮರುದಿನ ಬೆಳಿಗ್ಗೆ ಐದೂವರೆಗೆ ನನ್ನ ಫೋನ್ ಬಡಿಯತೊಡಗಿತು. ಸುದ್ದಿ ಹಚ್ಚಿ ಎಂದು ಜನ ಕೇಳಿದರು, ನಮ್ಮ ಚಾನೆಲ್ಲಿನಲ್ಲಿ ರಥೋತ್ಸವ ಓಡುತ್ತಿತ್ತು. ಅಣೆಕಟ್ಟೇ ಒಡೆದಿದೆ, ಇನ್ನೂ ನಾಲ್ಕು ಗೇಟ್ ಹೋಗಿವೆ, ಈ ವರ್ಷ ಒಂದು ಬೆಳೆಗೂ ನೀರಿಲ್ಲ ಎಂಬ ವದಂತಿಗಳು ವಾಟ್ಸ್‌ಆ್ಯಪಿನಲ್ಲಿ ಹರಿದಾಡುತ್ತಿದ್ದವು. ಬೆಂಗಳೂರಿನ ವಾಹಿನಿಗಳು ಜಲಾಶಯ ತೋರಿಸಿದವೇ ಹೊರತು ನಮ್ಮ ವಿತರಣಾ ಕಾಲುವೆಯ ಮಾತು ಎತ್ತಲಿಲ್ಲ. ಗೇಟ್ ಇದ್ದ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ತಡೆಯಲು ಒಂದು ವಾರ ಹಿಡಿಯಿತು. ಆ ಒಂದು ವಾರ ನಾಟಿ ಮಾಡಿದ ಗದ್ದೆಯ ಬದುವಿನಲ್ಲಿ ನಿಂತ ರೈತರಿಗೆ ಬೇಕಾಗಿದ್ದ ಅರ್ಧ ಗಂಟೆಯನ್ನು ಕೊಡಲು ಕ್ಯಾಮೆರಾ, ತಂತಿ, ಮಾತಾಡುವವರು ಎಲ್ಲ ಇದ್ದೂ ನಮ್ಮಿಂದ ಆಗಲಿಲ್ಲ. ಅದನ್ನು ನೆನೆದರೆ ಈಗಲೂ ಮನಸ್ಸು ಕಹಿಯಾಗುತ್ತದೆ.

ಆ ಸುದ್ದಿ ಓದುತ್ತಿದ್ದ ಹುಡುಗ ಈಗ ಯೂಟ್ಯೂಬಿನಲ್ಲಿ ಅದೇ ಭತ್ತದ ದರ, ಅದೇ ಕಾಲುವೆಯ ಸುದ್ದಿ ಹೇಳುತ್ತಾನೆ. ಅಲ್ಲಿ ಅವನನ್ನು ಕಂಪನಿಯಾಗು ಎಂದು ಇನ್ನೂ ಯಾರೂ ಕೇಳಿಲ್ಲ. 2023ರ ನವೆಂಬರಿನಲ್ಲಿ ಹೊರಬಂದ ಪ್ರಸಾರ ಸೇವೆಗಳ ಮಸೂದೆಯ ಕರಡು ಇಂಟರ್ನೆಟ್ಟಿನ ಸುದ್ದಿಯವರನ್ನೂ ಕೇಬಲ್ಲಿನ ಸಾಲಿಗೆ ತರುವಂತಿತ್ತು. ವಿರೋಧ ಬಂದು, 2024ರ ಆಗಸ್ಟ್‌ನಲ್ಲಿ ಹೊಸ ಕರಡು ಮಾಡುತ್ತೇವೆಂದು ಸಚಿವಾಲಯ ಹೇಳಿತು. ಅದು ಬಂದರೆ ತಾನೇನು ಮಾಡಬೇಕು ಎಂದು ಅವನು ನನ್ನನ್ನು ಕೇಳುತ್ತಿರುತ್ತಾನೆ.

ಅವನ ಮನೆಗೆ ಫೈಬರ್ ಎಳೆದವನು ನಾನೇ. ಕೇಬಲ್ಲಿನ ಜೊತೆ ಈಗ ಇಂಟರ್ನೆಟ್ಟನ್ನೂ ಕೊಡುತ್ತೇನೆ, ಅದರ ದರಕ್ಕೆ ಟ್ರಾಯ್ ಮಿತಿ ಹಾಕಿಲ್ಲ. ಎಷ್ಟು ವೇಗ, ಎಷ್ಟು ಹಣ ಎಂದು ಅವನ ಮನೆಯ ಕಟ್ಟೆಯ ಮೇಲೆ ಕೂತು ನಾವಿಬ್ಬರೇ ಗೊತ್ತುಮಾಡಿಕೊಂಡೆವು. ಅವನ ತಂದೆ ಒಳಗಿನಿಂದ ಬಂದು, ಹಣ ಭತ್ತ ಮಾರಿದ ಮೇಲೆ ಕೊಡುತ್ತೇವೆ ಎಂದರು. ಪುಸ್ತಕ ತೆಗೆದು ಅವರ ಹೆಸರಿನ ಮುಂದೆ 'ಸುಗ್ಗಿ' ಎಂದು ಬರೆದುಕೊಂಡೆ.