ನೇರಳೆ ಜನತಾ

ನನಗೆ ಹಳೆ ವಾಚುಗಳ ಹುಚ್ಚು ಅಂತ ಮಡಿಕೇರಿಯಲ್ಲಿ ನಾಲ್ಕು ಜನಕ್ಕೆ ಗೊತ್ತು. ಹಾಗಾಗಿ ಯಾರ ಮನೆ ಬೀರುವಿನಲ್ಲಿ ನಿಂತುಹೋದ ವಾಚು ಸಿಕ್ಕರೂ ಫೋನ್ ನನಗೇ ಬರುತ್ತದೆ. ಕಳೆದ ವರ್ಷ ಕಕ್ಕಡ 18ರ ದಿನ ಸುಂಟಿಕೊಪ್ಪದ ಹತ್ತಿರ ಒಂದು ತೋಟದ ಮನೆಗೆ ಹೋಗಿದ್ದೂ ಹೀಗೇ. ಕಕ್ಕಡ ಅಂದರೆ ಕೊಡವರ ಜೋರು ಮಳೆಯ ತಿಂಗಳು, ಅದರ 18ನೇ ದಿನ ಮನೆಮನೆಯಲ್ಲಿ ಮದ್ದುಸೊಪ್ಪಿನ ರಸದ ಪಾಯಸ ಮಾಡುತ್ತಾರೆ. ಆ ಮನೆಯ ಅಂಕಲ್ ಮಿಲಿಟರಿಯಿಂದ ರಿಟೈರ್ ಆಗಿ ಬಂದು ಕಾಫಿ, ಮೆಣಸು ನೋಡಿಕೊಂಡಿದ್ದಾರೆ. "ಮೂರು ವಾಚಿದೆ ಮಾರಾಯ. ಒಂದಕ್ಕೆ ಭಾರೀ ರೇಟ್ ಅಂತಾನೆ ನಮ್ಮ ಹುಡುಗ. ಬಂದು ನೋಡು, ಮದ್ದುಪಾಯಸ ಕುಡಿದ ಹಾಗೂ ಆಯ್ತು" ಅಂದರು.

ಹುಡುಗ ಅಂದರೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗ. ನಾನು ರೇನ್‌ಕೋಟ್ ಬಿಚ್ಚಿ ಒಳಗೆ ಹೋಗುವಷ್ಟರಲ್ಲಿ ಅವನು ಊಟದ ಮೇಜಿನ ಮೇಲೆ ಪೇಪರ್ ಹಾಸಿ ಮೂರನ್ನೂ ಸಾಲಾಗಿ ಇಟ್ಟಿದ್ದ. ಅಂಕಲ್ ಸರ್ವಿಸ್‌ನಲ್ಲಿದ್ದಾಗ ಕ್ಯಾಂಟೀನ್‌ನಲ್ಲಿ ತೆಗೆದುಕೊಂಡ ಎಚ್‌ಎಂಟಿ ಪೈಲಟ್, ಕಪ್ಪು ಡಯಲ್. ಅವರ ಭಾವ ದುಬೈನಿಂದ ತಂದುಕೊಟ್ಟ ಸೀಕೋ 5, ನೀಲಿ ಡಯಲ್. ಇನ್ನೊಂದು ಎಚ್‌ಎಂಟಿ ಜನತಾ. ಅದರ ಡಯಲ್ ಮಾತ್ರ ಕಣ್ಣು ಕುಕ್ಕುವ ನೇರಳೆ. ಆಂಟಿ ಆಗಷ್ಟೇ ತಂದಿಟ್ಟ ಮದ್ದುಪಾಯಸದ್ದೂ ಅದೇ ಬಣ್ಣ!

"ಅಣ್ಣ, ಇದೇ ನೋಡಿ ರೇರ್ ಪೀಸ್" ಅಂತ ಹುಡುಗ ಜನತಾ ಎತ್ತಿಕೊಟ್ಟ. ಜನತಾ ಅಂದ್ರೆ ಬಿಳಿ, ಊರಲ್ಲೆಲ್ಲ ಇತ್ತು. ನೇರಳೆ ಯಾರೂ ನೋಡಿಲ್ಲ. ಅಂದಮೇಲೆ ಇದಕ್ಕೇ ಜಾಸ್ತಿ ಬೆಲೆ ಅಲ್ವಾ? ಇದು ಅವನ ಲೆಕ್ಕ. ಅದಕ್ಕೆ ಆಧಾರವೂ ಇತ್ತು. 2021ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಸ್ವಿಸ್ ಕಂಪನಿ ಪಾಟೆಕ್ ಫಿಲಿಪ್‌ನ ನಾಟಿಲಸ್ ಎಂಬ ವಾಚೊಂದು ಹರಾಜಿನಲ್ಲಿ 65 ಲಕ್ಷ ಡಾಲರ್‌ಗೆ ಹೋಯ್ತು. ಅಂಗಡಿ ಬೆಲೆ ಸುಮಾರು 52 ಸಾವಿರ ಡಾಲರ್. ಒಳಗಿನ ಮಷೀನ್ ಮಾಮೂಲು ನಾಟಿಲಸ್‌ನದ್ದೇ. ಡಯಲ್ ಮಾತ್ರ ಟಿಫನಿ ಎಂಬ ಅಮೆರಿಕದ ಒಡವೆ ಅಂಗಡಿಯ ಡಬ್ಬಿಯ ತಿಳಿನೀಲಿ, ಅದರ ಮೇಲೆ ಟಿಫನಿ ಹೆಸರು. ಮಾಡಿದ್ದೇ 170. ಅದೂ ಆ ಒಂದು ಪೀಸ್ ದಾನಕ್ಕೆ ಅಂತ ಇಟ್ಟ ಹರಾಜು, ಜನ ಕೈ ಬಿಚ್ಚಿ ಕೂಗಿದ್ದರು. ಹುಡುಗ ಇದೆಲ್ಲ ಫೋನಲ್ಲಿ ಓದಿದ್ದ.

ಅವನ ಮಾತು ಪೂರ್ತಿ ಸುಳ್ಳಲ್ಲ. ಹಳೆ ವಾಚಿನಲ್ಲಿ ಡಯಲ್‌ಗೆ ಸಿಗುವ ಮರ್ಯಾದೆ ಮಷೀನ್‌ಗೆ ಸಿಗುವುದಿಲ್ಲ. ಮಷೀನ್ ಬಿಚ್ಚಿ, ಎಣ್ಣೆ ಹಾಕಿ, ಸ್ಪ್ರಿಂಗ್ ಬದಲಿಸಿ ಓಡಿಸಬಹುದು. ಡಯಲ್ ಹೋದರೆ ಹೋಯ್ತು. ಪಾಲ್ ನ್ಯೂಮನ್ ಎಂಬ ಹಾಲಿವುಡ್ ನಟನ ಕೈಲಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ 1 ಕೋಟಿ 77 ಲಕ್ಷ ಡಾಲರ್‌ಗೆ ಹೋಗಿದ್ದು ನಟನ ಹೆಸರಿಂದ, ನಿಜ. ಆದರೆ ಆ ನಮೂನೆಯ ಎರಡು ಬಣ್ಣದ ಡಯಲ್ ಇರುವ ಬೇರೆ ಡೇಟೋನಾಗಳಿಗೂ ಮಾಮೂಲು ಡಯಲ್‌ನವಕ್ಕಿಂತ ಎಷ್ಟೋ ಪಾಲು ಬೆಲೆ. ತಮಾಷೆ ಅಂದರೆ, ಬಂದ ಕಾಲದಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಅಂಗಡಿಯಲ್ಲಿ ಕೊಳೆಯುತ್ತಿತ್ತು. ಅವತ್ತು ಖರ್ಚಾಗದ ಬಣ್ಣ ಕಮ್ಮಿ ತಯಾರಾಗುತ್ತದೆ, ಇವತ್ತು ಅದಕ್ಕೇ ಜನ ಮುಗಿಬೀಳುತ್ತಾರೆ. ಸೀಕೋದಲ್ಲೂ ಇದೆ ಇಂಥದ್ದು. ವಿಲಿಯಂ ಪೋಗ್ ಎಂಬ ಗಗನಯಾತ್ರಿ 1973ರಲ್ಲಿ ಹಳದಿ ಡಯಲ್‌ನ ಸೀಕೋ ಕಟ್ಟಿಕೊಂಡು ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋಗಿದ್ದ. ಆ ಮಾಡೆಲ್‌ನಲ್ಲಿ ಜನ ಇವತ್ತಿಗೂ ಮೊದಲು ಕೇಳುವುದು ಹಳದಿಯನ್ನೇ.

ಇಷ್ಟು ಹೇಳುವಷ್ಟರಲ್ಲಿ ಕರೆಂಟ್ ಹೋಯ್ತು. ಕಕ್ಕಡದಲ್ಲಿ ಅದೇನು ಹೊಸದಲ್ಲ. ನನಗೆ ಒಳ್ಳೇದೇ ಆಯ್ತು. ಡಯಲ್ ನೋಡೋಕೆ ಟ್ಯೂಬ್‌ಲೈಟಿಗಿಂತ ಓರೆಯಾಗಿ ಹಿಡಿದ ಟಾರ್ಚ್ ವಾಸಿ. ಜನತಾದ ಮೇಲೆ ಬೆಳಕು ಬಿಟ್ಟು ಹುಡುಗನ ಕೈಗೆ ಭೂತಗನ್ನಡಿ ಕೊಟ್ಟೆ. "ಅಂಚು ನೋಡು" ಅಂದೆ. ನೇರಳೆ ಪೇಂಟ್ ಅಂಚಿನಲ್ಲಿ ದಪ್ಪಗೆ ಕಟ್ಟಿಕೊಂಡಿತ್ತು. ನಿಮಿಷದ ಗೆರೆಗಳು ಗಂಟೆಯ ಕಡ್ಡಿಗಳಿಗೆ ನೇರ ಕೂತಿರಲಿಲ್ಲ, 4ರ ಹತ್ತಿರ ಒಂದು ಗೆರೆ ಪಕ್ಕಕ್ಕೆ ಸರಿದಿತ್ತು. ಹೆಸರಿನ ಅಕ್ಷರಗಳು ಊದಿಕೊಂಡು ಒಂದಕ್ಕೊಂದು ತಾಗಿದ್ದವು. ಫ್ಯಾಕ್ಟರಿಯ ಅಚ್ಚು ಹೀಗಿರುವುದಿಲ್ಲ.

"ಇದು ರೀಪೇಂಟ್" ಅಂದೆ. ಹುಡುಗ ಒಪ್ಪಲಿಲ್ಲ. ವಾದ ಏರುತ್ತಿದ್ದಾಗ ಅಂಕಲ್ ಪಾಯಸದ ಲೋಟ ಕೆಳಗಿಟ್ಟರು. "ಅದಾ? ಅದನ್ನ ನಾನೇ ಮೈಸೂರಲ್ಲಿ ಪೇಂಟ್ ಮಾಡಿಸಿದ್ದು. ಬಿಳಿ ಡಯಲ್ ಮೇಲೆಲ್ಲ ಕಲೆ ಬಿದ್ದಿತ್ತು. ಯಾವ ಬಣ್ಣ ಬೇಕು ಸಾರ್ ಅಂದ. ನಿಮ್ಮ ಆಂಟಿ ಇದನ್ನ ಆರಿಸಿದ್ಲು."

"ತಾತ, ಮೊದಲೇ ಹೇಳೋದಲ್ವಾ!"

"ನೀನು ಕೇಳಿದ್ಯಾ?"

ಎಚ್‌ಎಂಟಿ ವಾಚಿನ ಕಂಪನಿ ಮುಚ್ಚುವ ತೀರ್ಮಾನ 2016ರಲ್ಲಿ ಆಯ್ತು. ಆಮೇಲಂತೂ ಹಳೆ ಮಷೀನ್‌ಗೆ ಕೆಂಪು, ಹಸಿರು, ಕಿತ್ತಳೆ ಬಳಿದು ಮಾರುವವರು ತುಂಬಿಹೋಗಿದ್ದಾರೆ. ಕಟ್ಟಿಕೊಳ್ಳೋಕೆ ಚೆನ್ನಾಗಿರುತ್ತೆ, ನನಗೇನೂ ತಕರಾರಿಲ್ಲ. ಅದನ್ನೇ ರೇರ್ ಕಲರ್ ಅಂತ ಮಾರಿದಾಗ ಮಾತ್ರ ಮೈ ಉರಿಯುತ್ತದೆ. ಕಂದಿಹೋದ ಒರಿಜಿನಲ್ ಬಿಳಿ ಡಯಲ್ ಇದ್ದಿದ್ದರೆ ಈ ಜನತಾಗೆ ಇನ್ನೂ ನಾಲ್ಕು ಕಾಸು ಜಾಸ್ತಿ ಬರುತ್ತಿತ್ತು.

ಸೀಕೋ ನೋಡಿ ಹೊಟ್ಟೆ ಚುರ್ ಅಂತು. ನೀಲಿ ಬಣ್ಣ ಫ್ಯಾಕ್ಟರಿಯದ್ದೇ. ಡಯಲ್‌ನ ತಳದಲ್ಲಿ ಇರಬೇಕಾದ ಪುಟಾಣಿ ನಂಬರ್ ಅಲ್ಲೇ ಇತ್ತು. ಹಿಂದಿನ ಮುಚ್ಚಳದ ಸೀರಿಯಲ್ 2ರಿಂದ ಶುರು, ಹಳೆ ಸೀಕೋಗಳಲ್ಲಿ ಆ ಮೊದಲ ಅಂಕಿ ಅಂದರೆ ತಯಾರಾದ ಇಸವಿಯ ಕೊನೆಯ ಅಂಕಿ. ಒಳಗಿರುವುದು 6119 ಎಂಬ ಮಷೀನ್, ಅದು ಬರುತ್ತಿದ್ದ ಕಾಲಕ್ಕೆ ಹೊಂದುವುದು 1972 ಒಂದೇ. ಆದರೆ ಮಳೆಗಾಲದ ತೇವ ಒಳಗೆ ಹೊಕ್ಕಿತ್ತು. 6ರಿಂದ 9ರವರೆಗೆ ಬಣ್ಣ ಗುಳ್ಳೆ ಎದ್ದು ಬಿಳಿಚಿಕೊಂಡಿತ್ತು.

"ಡಯಲ್ ಬಣ್ಣ ಬದಲಾದ್ರೆ ರೇಟ್ ಏರುತ್ತೆ ಅಂತಾನೂ ಓದಿದೀನಿ" ಅಂದ ಹುಡುಗ. ಅದೂ ಹೌದು. 1950–60ರ ದಶಕದ ಕೆಲವು ರೋಲೆಕ್ಸ್, ಒಮೆಗಾಗಳ ಕಪ್ಪು ಡಯಲ್ ಬಿಸಿಲಿಗೆ ಕಂದುತ್ತಾ ಕಾಫಿ ಬಣ್ಣಕ್ಕೆ ತಿರುಗಿವೆ. ಅದಕ್ಕೆ ಟ್ರಾಪಿಕಲ್ ಡಯಲ್ ಅಂತಾರೆ. ಒಂದು ಕಾಲದಲ್ಲಿ ಅದು ಹಾಳಾದ ಡಯಲ್, ಸರ್ವಿಸ್‌ಗೆ ಕೊಟ್ಟರೆ ಕಂಪನಿಯವರೇ ಕಿತ್ತು ಹೊಸದು ಕೂರಿಸುತ್ತಿದ್ದರು. ಈಗ ಅದಕ್ಕೇ ಜನ ಹೆಚ್ಚು ದುಡ್ಡು ಕೊಡುತ್ತಾರೆ. ಆದರೆ ಬಣ್ಣ ಅಂಚಿನಿಂದ ಅಂಚಿಗೆ ಒಂದೇ ಸಮ ತಿರುಗಿರಬೇಕು. ನಮ್ಮ ಕೊಡಗಿನ ಬೀರುಗಳಲ್ಲಿ ಬಿಸಿಲೆಲ್ಲಿ ಬರಬೇಕು? ಇಲ್ಲಿ ಬರುವುದು ಬೂಷ್ಟು. ಬೂಷ್ಟಿಗೆ ಯಾರೂ ಜಾಸ್ತಿ ಕೊಡಲ್ಲ.

ಕೊನೆಗೆ ಪೈಲಟ್. ಅಂಕಲ್‌ಗೆ ಅದರ ಮೇಲೆ ಅಷ್ಟೇನೂ ಮಮತೆ ಇರಲಿಲ್ಲ. "ಕಪ್ಪು ಮಾಸಿದೆ, ಇದಕ್ಕೂ ಪೇಂಟ್ ಹೊಡೆಸಿಬಿಡೋಣ ಅಂತಿದ್ದೆ" ಅಂದರು. ನಾನು ವಾಚನ್ನು ಸುಮ್ನೆ ನನ್ನ ಕಡೆ ಎಳೆದುಕೊಂಡೆ. ಕಪ್ಪು ಹೊಳಪು ಕಳೆದುಕೊಂಡಿತ್ತು, ಆದರೆ ಎಲ್ಲೂ ಕಿತ್ತಿರಲಿಲ್ಲ. ಅಂಕಿಗಳ ಮೇಲಿನ ಲೂಮ್, ಅಂದರೆ ಕತ್ತಲಲ್ಲಿ ಹೊಳೆಯುವ ಬಣ್ಣ, ಎಷ್ಟು ಹಳದಿಗೆ ತಿರುಗಿತ್ತೋ ಮುಳ್ಳಿನ ಮೇಲಿನದ್ದೂ ಅಷ್ಟೇ ತಿರುಗಿತ್ತು. ನಾನು ಮೊದಲು ನೋಡುವುದೇ ಇದನ್ನ. ಡಯಲ್ ಹಳೇದಾಗಿದ್ದು ಮುಳ್ಳು ಮಾತ್ರ ಬೆಳ್ಳಗಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ. ಇದಕ್ಕೆ ಯಾರೂ ಕೈ ಹಾಕಿರಲಿಲ್ಲ. ಮೂರರಲ್ಲಿ ಇದೇ ಒಳ್ಳೆ ವಾಚು ಅಂದೆ.

"ಲಕ್ಷ ಬರುತ್ತಾ?" ಅಂತ ಹುಡುಗ.

ಲಕ್ಷದ ಮಾತು ಇಲ್ಲಿ ಯಾವುದಕ್ಕೂ ಇಲ್ಲ. ಪೈಲಟ್‌ಗೆ ಕೆಲವು ಸಾವಿರ, ಅಷ್ಟೇ. ನನಗೇ ಕೊಡ್ತೀರಾ ಅಂತ ಕೇಳಿಯೂ ನೋಡಿದೆ. ಪೇಂಟ್ ಹೊಡೆಸಲು ಹೊರಟಿದ್ದ ಅಂಕಲ್ ತಕ್ಷಣ "ಸಾಧ್ಯವೇ ಇಲ್ಲ" ಅಂದರು. ಸೀಕೋ ಹುಡುಗನ ಪಾಲಿಗೆ ಬಂತು. ಜನತಾಗೆ ಆಂಟಿ ಕೀ ಕೊಟ್ಟು ತಾವೇ ಕಟ್ಟಿಕೊಂಡರು, ಅದು ಓಡಿತು ಕೂಡ.

ಪೈಲಟ್ ಸರ್ವಿಸ್‌ಗೆ ಹೋಗಬೇಕಿತ್ತು. ರಿಪೇರಿಯವನಿಗೆ ಒಂದು ಚೀಟಿ ಬರೆದುಕೊಟ್ಟೆ: "ಮಷೀನ್ ಕ್ಲೀನ್ ಮಾಡಿ, ಎಣ್ಣೆ ಹಾಕಿ. ಡಯಲ್ ಮುಟ್ಟಬೇಡಿ." ಅಂಕಲ್ ಕನ್ನಡಕ ಹಾಕಿಕೊಂಡು ಓದಿ, ಪೆನ್ನು ಇಸಿದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಬಿಲ್ ಇವನಿಗೇ ಕೊಡಿ."